ಕಸುಬು ಕಲಿಸಿದವರಾರು, ಸಾಲ ಕೊಟ್ಟವರಾರು?

ಚೆನ್ನೈ ಬಂದರಿನಿಂದ ಕಡಲ ದಂಡೆ ಹಿಡಿದು ಉತ್ತರಕ್ಕೆ ಹೊರಟರೆ ರಾಯಪುರಂ, ತೊಂಡಿಯಾರ್‌ಪೇಟೆ ದಾಟಿದ ಮೇಲೆ ತಿರುವೊಟ್ಟಿಯೂರು. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಬಕಿಂಗ್‌ಹ್ಯಾಮ್ ಕಾಲುವೆ ದಾಟಿದರೆ ಮಣಲಿ. ಮಧುಚಂದ್ರಕ್ಕೆ ಹೋಗುವ ಹಿಮಾಚಲದ ಮನಾಲಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಇರುವುದು ಬಂದರಿಗೆ ಹೋಗಲು ಸಾಲುಗಟ್ಟಿದ ಕಂಟೇನರ್ ಲಾರಿಗಳು, ತೈಲ ಶುದ್ಧೀಕರಣ ಕಾರ್ಖಾನೆಯ ಕೊಳವೆಯ ತುದಿಯಲ್ಲಿ ಉರಿಯುವ ಬೆಂಕಿ, ಸಾತಾಂಗಾಡಿನ ಕಬ್ಬಿಣದ ಮಾರುಕಟ್ಟೆ, ಗಾಳಿಯಲ್ಲಿ ಗಂಧಕದ ಘಾಟು. 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿದ ಈ ಊರಿಗೆ ಪ್ರವಾಸಿಗರು ಬರುವುದಿಲ್ಲ. ಆದರೆ ದೇಶದ ಬೇರೆ ಬೇರೆ ಮೂಲೆಗಳ ಬಂಡವಾಳ ಬಂದು ಬೇರು ಬಿಟ್ಟಿದೆ.

ಕಾರ್ಖಾನೆಗಳ ಫಲಕಗಳ ಹಿಂದಿರುವ ಮನೆತನಗಳನ್ನು ಹುಡುಕಿದರೆ ಸ್ವಾರಸ್ಯ ತಿಳಿಯುತ್ತದೆ. ಟೈರಿನೊಳಗಿನ ನೈಲಾನ್ ಬಟ್ಟೆ ನೇಯುವ ಎಸ್‌ಆರ್‌ಎಫ್ ಸಂಸ್ಥೆಯ ಮೂಲ ದೆಹಲಿಯ ಲಾಲಾ ಶ್ರೀರಾಮ್ ಅವರ ಕುಟುಂಬ. ಸಾಬೂನಿನ ಪುಡಿಗೆ ಬೇಕಾದ ರಾಸಾಯನಿಕ ಮಾಡುವ ತಮಿಳುನಾಡು ಪೆಟ್ರೋಪ್ರಾಡಕ್ಟ್ಸ್ ಹುಟ್ಟಿದ್ದು ಚೆಟ್ಟಿನಾಡಿನ ಮನೆತನವೊಂದರ ಸ್ಪಿಕ್ ಕಂಪನಿ ಮತ್ತು ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ. ಪಕ್ಕದ ತಿರುವೊಟ್ಟಿಯೂರಿನಲ್ಲಿ ಕೇರಳದ ಸಿರಿಯನ್ ಕ್ರೈಸ್ತರ ಎಂಆರ್‌ಎಫ್, ಮತ್ತೊಂದು ಚೆಟ್ಟಿಯಾರ್ ಮನೆತನವಾದ ಮುರುಗಪ್ಪ ಬಳಗದ ಕಾರ್ಬೊರಂಡಮ್ ಯೂನಿವರ್ಸಲ್. ಇವೆಲ್ಲದರ ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ, ಸರ್ಕಾರಿ ಸ್ವಾಮ್ಯದ ಚೆನ್ನೈ ಪೆಟ್ರೋಲಿಯಂ. ಕೆಲವೇ ಕಿಲೋಮೀಟರಿನೊಳಗೆ ಇಷ್ಟು ಬಗೆಯ ಜನ ಒಂದೇ ಕೆಲಸಕ್ಕೆ ಕೈಹಾಕಿದ ಜಾಗ ಅಪರೂಪ.

ಇಂಥವರನ್ನು ಕಂಡಾಗ ನಾವು ಹೇಳುವ ಮಾತು ಒಂದೇ: ‘ಬಿಡಿ, ವ್ಯಾಪಾರ ಅವರ ರಕ್ತದಲ್ಲೇ ಇದೆ.’ ಮಾರ್ವಾಡಿಗಳ ಬಗ್ಗೆ, ಚೆಟ್ಟಿಯಾರರ ಬಗ್ಗೆ, ಉಡುಪಿ ಹೋಟೆಲಿನವರ ಬಗ್ಗೆ ಈ ಮಾತು ಕೇಳದವರಿಲ್ಲ. ಅದರ ಇನ್ನೊಂದು ಮಗ್ಗುಲೂ ಅಷ್ಟೇ ಚಾಲ್ತಿಯಲ್ಲಿದೆ: ‘ನಮ್ಮವರಿಗೆ ಅದು ಒಗ್ಗುವುದಿಲ್ಲ.’ ಮಣಲಿಯ ಸುತ್ತಲಿನ ಕಥೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಈ ಎರಡು ಮಾತೂ ನಿಲ್ಲುವುದಿಲ್ಲ.

ಹೊಗಳಿಕೆ, ತೆಗಳಿಕೆ ಮತ್ತು ಕಾಕಿನಾಡ

ಸಂಸ್ಕೃತಿಗೂ ಉದ್ಯಮಕ್ಕೂ ಗಂಟು ಹಾಕಿದವರಲ್ಲಿ ಹೆಸರಾದವರು ಜರ್ಮನಿಯ ಮ್ಯಾಕ್ಸ್ ವೇಬರ್. 1904-05ರಲ್ಲಿ ಅವರು ಬರೆದ ಪ್ರಬಂಧಗಳ ಪ್ರಕಾರ, ಪ್ರಾಟೆಸ್ಟಂಟ್ ಪಂಥದ ದುಡಿಮೆ ಮತ್ತು ಮಿತವ್ಯಯದ ನಿಷ್ಠೆಯೇ ಯುರೋಪಿನ ಬಂಡವಾಳಶಾಹಿಗೆ ಹುರುಪು ತುಂಬಿತು. ಮುಂದೆ ಭಾರತದ ಧರ್ಮಗಳ ಬಗ್ಗೆ ಬರೆಯುತ್ತ, ಜಾತಿ ಮತ್ತು ಕರ್ಮದ ನಂಬಿಕೆಗಳಿರುವ ನೆಲದಲ್ಲಿ ಅಂಥ ಹುರುಪು ತಾನಾಗಿ ಹುಟ್ಟುವುದು ಕಷ್ಟ ಎಂದರು. ಅವರು ಹಾಗೆ ಬರೆಯುತ್ತಿದ್ದ ಕಾಲಕ್ಕೆ ಚೆಟ್ಟಿನಾಡಿನ ಸಾಹುಕಾರರು ರಂಗೂನ್, ಪೆನಾಂಗ್, ಕೊಲಂಬೊಗಳಲ್ಲಿ ಹಣೆಗೆ ವಿಭೂತಿ ಬಳಿದುಕೊಂಡೇ ಲೇವಾದೇವಿ ನಡೆಸುತ್ತಿದ್ದರು.

ಅರವತ್ತು ವರ್ಷಗಳ ನಂತರ ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲ್ಯಾಂಡ್ ಇನ್ನೊಂದು ದಾರಿ ಹಿಡಿದರು. ಸಾಧಿಸಬೇಕೆಂಬ ಹಂಬಲ ಕೆಲವು ಸಮಾಜಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ಕಡಿಮೆ ಎಂಬುದು ಅವರ ವಾದ. ಮಕ್ಕಳ ಪಠ್ಯಪುಸ್ತಕಗಳ ಕಥೆಗಳನ್ನೂ ಅವರು ಅದಕ್ಕಾಗಿ ಅಳೆದಿದ್ದರು. ಹಾಗಾದರೆ ಆ ಹಂಬಲವನ್ನು ಕಲಿಸಬಹುದೇ? 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಗೆ ಕರೆಸಿ ಪ್ರಯೋಗ ಮಾಡಿದರು. ಊರಿಗೆ ಮರಳಿದವರು ತರಬೇತಿ ಪಡೆಯದ ವ್ಯಾಪಾರಿಗಳಿಗಿಂತ ಚುರುಕಾಗಿ ಹೊಸ ಬಂಡವಾಳ ಹೂಡಿದರು, ಹೊಸ ಕೆಲಸಗಾರರನ್ನು ತೆಗೆದುಕೊಂಡರು. ಅವರ ದೇವರು ಬದಲಾಗಿರಲಿಲ್ಲ, ಜಾತಿ ಬದಲಾಗಿರಲಿಲ್ಲ. ಕೆಲವೇ ದಿನಗಳ ಪಾಠದಿಂದ ಅಲುಗಾಡುವ ಗುಣವನ್ನು ರಕ್ತಕ್ಕೆ ಸೇರಿಸಲು ಬಾರದು.

ಒಂದೇ ಸೂರು, ಬೇರೆ ಒಲೆ

ಅವಿಭಕ್ತ ಕುಟುಂಬ ವ್ಯಕ್ತಿಯ ಸಾಹಸವನ್ನು ಅದುಮುತ್ತದೆ ಎಂಬ ಮಾತು ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಬಹಳ ಕಾಲ ಓಡಾಡಿತು. ನಾಟುಕೋಟ್ಟೈ ಚೆಟ್ಟಿಯಾರರ, ಅಂದರೆ ನಗರತ್ತಾರರ ಮನೆ ಹೊಕ್ಕವರಿಗೆ ಬೇರೆಯೇ ಚಿತ್ರ ಸಿಗುತ್ತದೆ. ಕಾರೈಕುಡಿ ಸುತ್ತಲಿನ ಆ ದೊಡ್ಡ ಮನೆಗಳಲ್ಲಿ ಬರ್ಮಾ ತೇಗದ ಕಂಬಗಳ ನಡುವೆ ಮೂರು ತಲೆಮಾರು ಒಟ್ಟಿಗೆ ಇರುತ್ತಿತ್ತು. ಆದರೆ ಮಗನಿಗೆ ಮದುವೆಯಾದ ಮೇಲೆ ಅದೇ ಸೂರಿನಡಿ ಅವನಿಗೆ ಬೇರೆ ಕೋಣೆ, ಬೇರೆ ಒಲೆ, ವರ್ಷಕ್ಕಿಷ್ಟು ಎಂಬ ಲೆಕ್ಕ. ಮದುವೆಯಾದ ಗಂಡಸು ದೇವಸ್ಥಾನದ ಪಟ್ಟಿಯಲ್ಲಿ ಒಂದು ‘ಪುಳ್ಳಿ’. ದೇವರ ಕಾಣಿಕೆಯೂ ಆ ಲೆಕ್ಕದಲ್ಲೇ. ಅಪ್ಪನ ಮನೆಯಲ್ಲಿ ಇದ್ದುಕೊಂಡೇ ಇಪ್ಪತ್ತರ ಹುಡುಗ ತನ್ನ ಸಂಸಾರದ ಜಮಾಖರ್ಚು ಬರೆಯಬೇಕು. ಪ್ರೀತಿ ಒಂದು ಕಡೆ, ಲೆಕ್ಕ ಒಂದು ಕಡೆ.

ಹುಡುಗರು ಸಣ್ಣ ವಯಸ್ಸಿಗೇ ಬೇರೆ ಚೆಟ್ಟಿಯಾರರ ಅಂಗಡಿ ಸೇರುತ್ತಿದ್ದರು. ಕಸ ಗುಡಿಸುವುದು, ಪೆಟ್ಟಿಗೆ ಒರೆಸುವುದು, ಬಡ್ಡಿಯ ಲೆಕ್ಕವನ್ನು ಬಾಯಲ್ಲೇ ಹೇಳುವುದು ಮೊದಲ ಪಾಠ. ಬೆಳೆದ ಮೇಲೆ ಏಜೆಂಟರಾಗಿ ಮೂರು ವರ್ಷದ ಅವಧಿಗೆ ಸಮುದ್ರ ದಾಟಿ ಹೋಗುವುದು. ಸಂಬಳದ ಒಂದು ಪಾಲು ಮುಂಗಡವಾಗಿ ಊರಿನ ಮನೆಗೆ. ರಂಗೂನಿನ ಮೊಘಲ್ ಬೀದಿಯ ದೇವಸ್ಥಾನದಲ್ಲಿ ಎಲ್ಲರೂ ಸೇರಿ ಆ ತಿಂಗಳ ಬಡ್ಡಿದರ ಗೊತ್ತುಮಾಡುತ್ತಿದ್ದರು. ಅಲ್ಲಿ ಮಾತು ತಪ್ಪಿದವನ ಸುದ್ದಿ ಅವನಿಗಿಂತ ಮೊದಲು ಕಾರೈಕುಡಿ ತಲುಪುತ್ತಿತ್ತು. ಸಾಲ ಸಿಗುವುದಿರಲಿ, ಹೆಣ್ಣು ಸಿಗುವುದೂ ಕಷ್ಟವಾಗುತ್ತಿತ್ತು. ನಂಬಿಕೆ ಎನ್ನುವುದಕ್ಕೆ ಹೀಗೆ ಕಾವಲು ಇತ್ತು.

ಇದು ಚೆಟ್ಟಿನಾಡಿಗೇ ವಿಶೇಷವಾದ ಸಂಗತಿಯೇನಲ್ಲ. ಹನ್ನೊಂದನೆಯ ಶತಮಾನದ ಮೆಡಿಟರೇನಿಯನ್ ಕಡಲಿನ ಮಗ್ರಿಬಿ ಯಹೂದಿ ವರ್ತಕರ ಪತ್ರಗಳು ಕೈರೋದ ಸಿನಗಾಗ್ ಒಂದರ ಉಗ್ರಾಣದಲ್ಲಿ ರಾಶಿಯಾಗಿ ಸಿಕ್ಕವು. ಅರ್ಥಶಾಸ್ತ್ರಜ್ಞ ಆವ್ನರ್ ಗ್ರೈಫ್ ಅವನ್ನು ಓದಿ ತೋರಿಸಿದ್ದು ಇದನ್ನೇ: ಒಬ್ಬ ಏಜೆಂಟ್ ಮೋಸ ಮಾಡಿದರೆ ಇಡೀ ಬಳಗ ಅವನನ್ನು ದೂರವಿಡುತ್ತಿತ್ತು. ಅದೇ ಕಡಲಿನ ಇನ್ನೊಂದು ದಡದ ಜಿನೋವಾದವರು ಬಳಗವನ್ನು ನೆಚ್ಚದೆ ಕರಾರು, ಕೋರ್ಟು, ನೋಟರಿಗಳನ್ನು ಕಟ್ಟಿಕೊಂಡರು. ಬಳಗದ ದಾರಿ ಅಗ್ಗ, ಆದರೆ ಹೊರಗಿನವನಿಗೆ ಬಾಗಿಲು ಮುಚ್ಚಿದೆ. ಕರಾರಿನ ದಾರಿ ದುಬಾರಿ, ಆದರೆ ಯಾರು ಬೇಕಾದರೂ ಸಹಿ ಹಾಕಬಹುದು.

ಜಪಾನಿನ ಮನೆತನಗಳು ಇನ್ನೊಂದು ಉಪಾಯ ಕಂಡುಕೊಂಡವು. ಹುಟ್ಟಿದ ಮಗ ಕೈಲಾಗದವನಾದರೆ, ಅಥವಾ ಮಗನೇ ಇಲ್ಲದಿದ್ದರೆ, ಸಮರ್ಥ ಅಳಿಯನನ್ನು ದತ್ತು ತೆಗೆದುಕೊಂಡು ಮನೆಯ ಹೆಸರು ಕೊಡುವುದು. ಮಾರುತಿಯ ಮೂಲಕ ನಮ್ಮ ರಸ್ತೆಗಳನ್ನು ತುಂಬಿದ ಒಸಾಮು ಸುಜುಕಿ ಹುಟ್ಟಿನಿಂದ ಸುಜುಕಿ ಅಲ್ಲ, ಮತ್ಸುದಾ. ಮದುವೆಯಾಗಿ ಆ ಮನೆಗೆ ಬಂದವರು. ಕುಟುಂಬದ ಗೌರವಕ್ಕೆ ಪ್ರಾಣ ಕೊಡುವ ಸಮಾಜವೇ ರಕ್ತಕ್ಕಿಂತ ದಕ್ಷತೆ ಮುಖ್ಯ ಎಂದು ತೀರ್ಮಾನಿಸಿತ್ತು.

ಬಿದ್ದವನನ್ನು ಎತ್ತುವ ಕೈ

1930ರ ದಶಕದ ಹೊತ್ತಿಗೆ ಕೆಳ ಬರ್ಮಾದ ಭತ್ತದ ಗದ್ದೆಗಳಲ್ಲಿ ಸುಮಾರು ಕಾಲುಭಾಗ ಚೆಟ್ಟಿಯಾರರ ಕೈಗೆ ಬಂದಿತ್ತು. ಸಾಲ ತೀರಿಸಲಾಗದ ರೈತರ ನೆಲ ಅದು ಎಂಬುದನ್ನು ಮರೆಯುವಂತಿಲ್ಲ. 1942ರಲ್ಲಿ ಜಪಾನಿ ಸೇನೆ ಬಂತು, ಸ್ವಾತಂತ್ರ್ಯದ ನಂತರ ಬರ್ಮಾ ಸರ್ಕಾರ ನೆಲವನ್ನು ವಶಕ್ಕೆ ತೆಗೆದುಕೊಂಡಿತು. ಮುಂಚೆಯೇ ಗಾಳಿ ಬೀಸುವ ದಿಕ್ಕು ತಿಳಿದವರು ಹಣವನ್ನು ಮದ್ರಾಸಿಗೆ ತಂದಿದ್ದರು. ಲೇವಾದೇವಿಯವರು ಕಾರ್ಖಾನೆಯವರಾದದ್ದು ಹಾಗೆ. ತಿರುವೊಟ್ಟಿಯೂರಿನಲ್ಲಿ ಮುರುಗಪ್ಪ ಬಳಗ 1954ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಕಂಪನಿಗಳ ಜೊತೆ ಸೇರಿ ಉಜ್ಜುವ, ಸಾಣೆ ಹಿಡಿಯುವ ಸಾಮಗ್ರಿಯ ಕಂಪನಿ ಕಟ್ಟಿತು.

ಎಂಆರ್‌ಎಫ್ ಕಥೆಯಲ್ಲಿ ಬಿದ್ದ ಪೆಟ್ಟು ಇನ್ನೂ ದೊಡ್ಡದು. ಕೆ.ಸಿ. ಮಾಮನ್ ಮಾಪ್ಪಿಳ್ಳೈ ಅವರ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ 1938ರಲ್ಲಿ ಮುಳುಗಿತು. ದಿವಾನ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರ ಆಡಳಿತದೊಂದಿಗೆ ಜಟಾಪಟಿಗೆ ಬಿದ್ದ ಆ ಕುಟುಂಬದ ‘ಮಲಯಾಳ ಮನೋರಮಾ’ ಪತ್ರಿಕೆಯೂ ಮುಚ್ಚಿತು. ತಂದೆ ಸೆರೆಮನೆಗೆ ಹೋದರು, ಆಸ್ತಿ ಹೋಯಿತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುತ್ತಿದ್ದ ಮಗ ಕೆ.ಎಂ. ಮಾಮನ್ ಮಾಪ್ಪಿಳ್ಳೈ 1946ರಲ್ಲಿ ತಿರುವೊಟ್ಟಿಯೂರಿನ ಒಂದು ಶೆಡ್ಡಿನಲ್ಲಿ ಮಕ್ಕಳ ಬಲೂನು ಮಾಡಲು ಶುರುಮಾಡಿದರು. ತಾವೇ ಚೀಲ ಹೊತ್ತು ಅಂಗಡಿಗಳಿಗೆ ಮಾರಿದರು. 1952ರಲ್ಲಿ ಹಳೆ ಟೈರಿಗೆ ಹೊಸ ಪಟ್ಟಿ ಹಾಕುವ ಟ್ರೆಡ್ ರಬ್ಬರ್, 1960ರ ದಶಕದ ಮೊದಲಲ್ಲಿ ಅಮೆರಿಕದ ಮ್ಯಾನ್ಸ್‌ಫೀಲ್ಡ್ ಜೊತೆಗೂಡಿ ಟೈರು.

ಬಲೂನು ಮಾರಿ ದೊಡ್ಡವರಾದ ಈ ಕಥೆಯನ್ನು ಹುರಿದುಂಬಿಸುವ ಭಾಷಣಗಳಲ್ಲಿ ಬಳಸುತ್ತಾರೆ. ಅದರಲ್ಲಿ ಬಿಟ್ಟುಹೋಗುವ ಭಾಗ ಇದು: ಆ ಕುಟುಂಬ ಕಳೆದುಕೊಂಡದ್ದು ಹಣ ಮಾತ್ರ. ಕಾಲೇಜು ವಿದ್ಯೆ, ಇಂಗ್ಲಿಷು, ಕೇರಳದ ರಬ್ಬರ್ ತೋಟಗಳ ಒಡನಾಟ, ಬ್ಯಾಂಕು ಮುಳುಗಿದರೂ ಮುಖ ತಿರುಗಿಸದ ಚರ್ಚಿನ ಬಳಗ, ಇವೆಲ್ಲ ಕೈಯಲ್ಲೇ ಉಳಿದಿದ್ದವು. ದಿವಾಳಿಯಾದವನ ಮಗನಿಗೆ ಕೂರಲು ಒಂದು ಕುರ್ಚಿ ಕೊಡುವ ಸಮಾಜದಲ್ಲಿ ಎರಡನೆಯ ಸಲ ಕೈಹಾಕುವ ಧೈರ್ಯ ಬರುತ್ತದೆ. ಒಮ್ಮೆ ಎಡವಿದರೆ ಮನೆಯ ನೆಲವೇ ಹರಾಜಾಗುವ ಕಡೆ ಜಾಣನಾದವನು ಸರ್ಕಾರಿ ನೌಕರಿಗೇ ಅರ್ಜಿ ಹಾಕುತ್ತಾನೆ. ಅವನು ಅಂಜುಬುರುಕನಲ್ಲ, ಲೆಕ್ಕ ಬಲ್ಲವನು.

ಸರ್ಕಾರವೇ ಸಾಹುಕಾರ

ಮಣಲಿಯ ಮಟ್ಟಿಗೆ ಮೊದಲ ಸಾಹಸಿ ಸರ್ಕಾರವೇ. 1965ರ ಕೊನೆಗೆ ಮದ್ರಾಸ್ ರಿಫೈನರೀಸ್ ಸ್ಥಾಪನೆಯಾದಾಗ ಭಾರತ ಸರ್ಕಾರದ ಪಾಲು ಶೇ 74, ಅಮೆರಿಕದ ಅಮೋಕೊ ಮತ್ತು ಇರಾನಿನ ರಾಷ್ಟ್ರೀಯ ತೈಲ ಕಂಪನಿಗೆ ತಲಾ ಶೇ 13. 43 ಕೋಟಿ ರೂಪಾಯಿ ವೆಚ್ಚದಲ್ಲಿ, 27 ತಿಂಗಳಲ್ಲಿ ಕಟ್ಟಿ, 1969ರಲ್ಲಿ ವರ್ಷಕ್ಕೆ 25 ಲಕ್ಷ ಟನ್ ಸಾಮರ್ಥ್ಯದೊಂದಿಗೆ ಶುರುವಾಯಿತು. ಬೆನ್ನಿಗೇ ಮದ್ರಾಸ್ ಫರ್ಟಿಲೈಸರ್ಸ್ ಬಂತು. ಶುದ್ಧೀಕರಣದಲ್ಲಿ ಹೊರಬೀಳುವ ನಾಫ್ತಾ, ಪ್ರೊಪಿಲೀನ್, ಸೀಮೆಎಣ್ಣೆಯ ಭಾಗಗಳನ್ನೇ ಕಚ್ಚಾವಸ್ತು ಮಾಡಿಕೊಂಡ ಖಾಸಗಿ ಕಾರ್ಖಾನೆಗಳು ಸುತ್ತ ಎದ್ದವು. ರಾಜ್ಯದ ಕೈಗಾರಿಕಾ ನಿಗಮ ಟಿಡ್ಕೊ ಖಾಸಗಿ ಮನೆತನಗಳ ಜೊತೆ ಪಾಲು ಹಾಕಿತು. ಅದೇ ಟಿಡ್ಕೊ ಟಾಟಾ ಜೊತೆ ಸೇರಿ 1984ರಲ್ಲಿ ಟೈಟನ್ ಹುಟ್ಟುಹಾಕಿ, ನಮ್ಮ ಗಡಿಯ ಹೊಸೂರಿನಲ್ಲಿ ಕೈಗಡಿಯಾರ ಕಾರ್ಖಾನೆ ಕಟ್ಟಿತು.

ಕನ್ನಡಿಗರಿಗೆ ಈ ಮಾದರಿ ಹೊಸದೇನಲ್ಲ. ಹಳೆ ಮೈಸೂರಿನಲ್ಲಿ ಉದ್ಯಮ ಎಂದರೆ ದಿವಾನರ ಕಚೇರಿಯಿಂದ ಇಳಿದುಬಂದದ್ದು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಗಂಧದೆಣ್ಣೆ, 1923ರಲ್ಲಿ ಭದ್ರಾವತಿಯ ಕಬ್ಬಿಣ. ಅದೇ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ ಮೂಲೆಯಲ್ಲಿದ್ದ ದಕ್ಷಿಣ ಕನ್ನಡಕ್ಕೆ ಮಹಾರಾಜರಿಲ್ಲ, ದಿವಾನರಿಲ್ಲ, ಮದ್ರಾಸಿನ ಗವರ್ನರಿಗೆ ಈ ಕರಾವಳಿಯ ನೆನಪೂ ಇಲ್ಲ. ಅಲ್ಲಿ ಸಮುದಾಯಗಳೇ ಬ್ಯಾಂಕು ಕಟ್ಟಿದವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಆದ ಸಂಸ್ಥೆ, 1931ರಲ್ಲಿ ಬಂಟರು ಮುಂದಾಗಿ ಕಟ್ಟಿದ ವಿಜಯಾ ಬ್ಯಾಂಕ್. ಆಡುವ ನುಡಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಏನೇ ಇರಲಿ, ಕೈ ಹಿಡಿಯುವ ದೊರೆ ಇಲ್ಲದ ಕಡೆ ಜನ ತಾವೇ ಕೈ ಹಿಡಿದುಕೊಂಡರು. ಒಂದೇ ನಾಡಿನ ಎರಡು ಭಾಗಗಳ ಉದ್ಯಮದ ಜಾಯಮಾನ ಬೇರೆಯಾದದ್ದಕ್ಕೆ ದೇವರು, ಧರ್ಮ ಕಾರಣವಲ್ಲ. ಎರಡೂ ಕಡೆ ಪೂಜೆಗೊಳ್ಳುತ್ತಿದ್ದ ದೇವರು ಹೆಚ್ಚುಕಡಿಮೆ ಅವೇ.

ಆ ಸಿಂಡಿಕೇಟ್ ಸಂಸ್ಥೆ ಕಟ್ಟಿದ ಟಿ.ಎಂ.ಎ. ಪೈ ಅವರ ಬಳಗ 1928ರಲ್ಲಿ ತಂದ ಪಿಗ್ಮಿ ಠೇವಣಿಯನ್ನು ನೋಡಿ. ದಿನಕ್ಕೆ ಎರಡಾಣೆಯಾದರೂ ಸಾಕಿತ್ತು, ಏಜೆಂಟ್ ಮನೆ ಬಾಗಿಲಿಗೇ ಬಂದು ಪಡೆದು ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದ. ಮೀನು ಮಾರುವವಳು, ಬೀಡಿ ಕಟ್ಟುವವಳು, ನೇಕಾರ ಎಲ್ಲರೂ ಖಾತೆದಾರರು. ಇದನ್ನು ಕರಾವಳಿಯವರ ಮಿತವ್ಯಯದ ಸಂಸ್ಕಾರ ಎಂದು ಹೊಗಳುವುದುಂಟು. ಆದರೆ ಸಂಜೆ ತಪ್ಪದೆ ಬರುವ ಏಜೆಂಟನಿಲ್ಲದಿದ್ದರೆ ಆ ಎರಡಾಣೆ ಖರ್ಚಾಗಿ ಹೋಗುತ್ತಿತ್ತು.

ತಟ್ಟೆ ತೊಳೆಯುವುದರಿಂದ ಗಲ್ಲಾದವರೆಗೆ

ಮದ್ರಾಸಿನ ಕನ್ನಡಿಗರ ಉದ್ಯಮ ಎಂದಕೂಡಲೇ ನೆನಪಾಗುವ ಹೆಸರು ಕೆ. ಕೃಷ್ಣರಾವ್. ಉಡುಪಿ ಸೀಮೆಯ ಬಡ ಮನೆಯ ಹುಡುಗ, ಅಡುಗೆಮನೆಯ ಕೆಲಸದಿಂದ ಶುರುಮಾಡಿ, ಜಾರ್ಜ್‌ಟೌನಿನ ಆಚಾರಪ್ಪನ್ ಬೀದಿಯ ಸಣ್ಣ ಹೋಟೆಲಿನಿಂದ ಮೌಂಟ್ ರೋಡಿಗೆ ಬಂದರು. 1938ರಲ್ಲಿ ರಾಯಪೇಟೆಯ ಬಂಗಲೆಯೊಂದರಲ್ಲಿ ವುಡ್‌ಲ್ಯಾಂಡ್ಸ್, 1952ರಲ್ಲಿ ನ್ಯೂ ವುಡ್‌ಲ್ಯಾಂಡ್ಸ್, 1962ರಲ್ಲಿ ಕಾರಿನಲ್ಲೇ ಕೂತು ದೋಸೆ ತಿನ್ನುವ ಡ್ರೈವ್-ಇನ್. ಅವರ ದಾರಿಯಲ್ಲೇ ಬಂದ ನೂರಾರು ಹುಡುಗರಿಗೂ ಕ್ರಮ ಒಂದೇ: ಮೊದಲು ತಟ್ಟೆ ಲೋಟ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಸಪ್ಲೈಯರ್, ಅಡುಗೆ, ಕೊನೆಗೆ ಗಲ್ಲಾ. ಮಲಗಲು ಹೋಟೆಲಿನ ಅಟ್ಟ, ಉಣ್ಣಲು ಅಲ್ಲಿಯದೇ ಊಟ. ಗಲ್ಲಾದಲ್ಲಿ ಕೂತವನಿಗೆ ಧಣಿಯೇ ಒಂದು ದಿನ ‘ಇನ್ನು ನೀನೇ ಒಂದು ಹೋಟೆಲು ಹಾಕು ಮಾರಾಯ’ ಎಂದು ಸ್ವಲ್ಪ ಹಣ, ಹೆಚ್ಚು ಧೈರ್ಯ ಕೊಡುತ್ತಿದ್ದುದುಂಟು.

ಇಲ್ಲಿ ಮೌಲ್ಯಗಳ ಆಟ ವಿಚಿತ್ರ. ಅನ್ನವನ್ನು ಮಾರುವುದು ಹೀನ ಎಂದು ಹಳೆಯ ಮಡಿವಂತರು ಮೂಗು ಮುರಿದರು. ಹೋಟೆಲಿನವನಿಗೆ ಹೆಣ್ಣು ಕೊಡಲು ಹಿಂಜರಿದವರಿದ್ದರು. ಅತ್ತ ನಗರಕ್ಕೆ ಗುಮಾಸ್ತರಾಗಿ ಬಂದ ಮೇಲ್ಜಾತಿಯವರಿಗೆ ಬ್ರಾಹ್ಮಣ ಮಾಡಿದ ಅಡುಗೆಯೇ ಬೇಕಿತ್ತು. ಹೀಗಾಗಿ ಯಾವ ಮಡಿ ಅಡ್ಡಗಾಲು ಹಾಕಿತ್ತೋ ಅದೇ ಮಡಿ ಮಾರುಕಟ್ಟೆಯಲ್ಲಿ ಬಂಡವಾಳವಾಯಿತು. ಅದಕ್ಕೆ ತೆತ್ತ ಬೆಲೆಯೂ ಇದೆ. ಅಡುಗೆಮನೆಗೆ ಬೇರೆ ಜಾತಿಯವರಿಗೆ ಪ್ರವೇಶವಿರಲಿಲ್ಲ. ಉಣ್ಣುವ ಸಾಲಿನಲ್ಲೂ ಭೇದವಿತ್ತು. 1957ರಲ್ಲಿ ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನ ಫಲಕದಲ್ಲಿದ್ದ ‘ಬ್ರಾಹ್ಮಣರ’ ಎಂಬ ಪದ ತೆಗೆಸಲು ಪೆರಿಯಾರ್ ಚಳವಳಿ ಹೂಡಿದರು, ತಿಂಗಳುಗಟ್ಟಲೆ ಜನ ಬಂಧನಕ್ಕೊಳಗಾದರು, ಕೊನೆಗೆ ಪದ ಹೋಯಿತು. ತಟ್ಟೆ ತೊಳೆಯುವುದರಿಂದ ಗಲ್ಲಾದವರೆಗಿನ ಏಣಿ ಗಟ್ಟಿಯಾಗಿತ್ತು ನಿಜ, ಅದರ ಮೊದಲ ಮೆಟ್ಟಿಲಿಗೆ ಕಾಲಿಡಲು ಯಾರಿಗೆ ಅವಕಾಶ ಎಂಬುದನ್ನು ಹುಟ್ಟು ಗೊತ್ತುಮಾಡುತ್ತಿತ್ತು.

ಜಪಾನಿನ ಶಿಸ್ತು, ಮಣಲಿಯ ಕೈ

ಗುಣಮಟ್ಟದ ವಿಷಯದಲ್ಲಿ ಜಪಾನೀಯರ ಸಂಸ್ಕೃತಿಯನ್ನು ಕೊಂಡಾಡುವುದು ರೂಢಿ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಜಪಾನಿನ ಮಾಲು ಎಂದರೆ ಅಗ್ಗದ, ಬಾಳಿಕೆ ಬಾರದ ಆಟಿಕೆ ಎಂಬ ಹೆಸರಿತ್ತು. 1950ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅಲ್ಲಿ ಪಾಠ ಹೇಳಿದರು. ಮರುವರ್ಷವೇ ಜಪಾನೀಯರು ಅವರ ಹೆಸರಿನ ಪ್ರಶಸ್ತಿ ಶುರುಮಾಡಿದರು. ಮುಂದೆ ಆ ವಿದ್ಯೆ ಮದ್ರಾಸಿಗೂ ಬಂತು. 1998ರಲ್ಲಿ ಪಾಡಿಯ ಸುಂದರಂ ಕ್ಲೇಟನ್‌ನ ಬ್ರೇಕ್ ವಿಭಾಗಕ್ಕೆ ಡೆಮಿಂಗ್ ಪ್ರಶಸ್ತಿ ಸಂದಿತು. ಭಾರತಕ್ಕೆ ಅದು ಮೊದಲನೆಯದು. 2004ರಲ್ಲಿ ಎಸ್‌ಆರ್‌ಎಫ್‌ನ ಟೈರ್ ಕಾರ್ಡ್ ವಿಭಾಗಕ್ಕೂ ಸಿಕ್ಕಿತು. ಆ ಕಂಪನಿಯ ಮೊದಲ ಕಾರ್ಖಾನೆ 1974ರಿಂದ ಮಣಲಿಯಲ್ಲೇ ಇದೆ.

ಟೈರ್ ಕಾರ್ಡ್ ನೋಡಿದವರು ಕಡಿಮೆ, ಅದರ ಮೇಲೆ ಕೂತು ಹೋಗದವರೂ ಕಡಿಮೆ. ನೈಲಾನ್ ನೂಲನ್ನು ಹುರಿ ಹೊಸೆದು ಮಗ್ಗಕ್ಕೆ ಹಾಕುತ್ತಾರೆ. ಹಾಸಿನ ಎಳೆಗಳು ಒತ್ತಾಗಿ, ಗಟ್ಟಿಯಾಗಿ ಇರುತ್ತವೆ. ಹೊಕ್ಕಿನ ಎಳೆ ತೆಳ್ಳಗೆ, ಅಲ್ಲೊಂದು ಇಲ್ಲೊಂದು, ಹಾಸು ಚೆದುರದಂತೆ ಹಿಡಿದಿಡಲು ಮಾತ್ರ. ಆಮೇಲೆ ಬಟ್ಟೆಯನ್ನು ಅಂಟುದ್ರಾವಣದಲ್ಲಿ ಅದ್ದಿ ಕಾಯಿಸುತ್ತಾರೆ, ಇಲ್ಲದಿದ್ದರೆ ರಬ್ಬರು ನೈಲಾನಿಗೆ ಕಚ್ಚಿಕೊಳ್ಳುವುದಿಲ್ಲ. ಒಂದು ಕಡೆ ಎಳೆತ ಹೆಚ್ಚುಕಡಿಮೆಯಾದರೆ ಮಿತಿಮೀರಿ ಹೇರಿದ ಲಾರಿಯ ಟೈರು ಹೆದ್ದಾರಿಯಲ್ಲಿ ಸಿಡಿಯುತ್ತದೆ. ತಪ್ಪು ಕಂಡ ಕೂಡಲೇ ಬೈಯದೆ ಅದರ ಕಾರಣ ಹುಡುಕುವುದು, ಯಂತ್ರದ ಮುಂದೆ ನಿಂತವನ ಮಾತನ್ನು ಮ್ಯಾನೇಜರ್ ಕೇಳುವುದು, ದಿನವೂ ಅಳೆದು ಬರೆದಿಡುವುದು: ಡೆಮಿಂಗ್ ಪಾಠದ ತಿರುಳು ಇಷ್ಟೇ. ಅಮೆರಿಕದವನ ಪಾಠ, ಜಪಾನೀಯರ ಅಭ್ಯಾಸ, ದೆಹಲಿ ಮನೆತನದ ಬಂಡವಾಳ, ತಮಿಳು ಕೆಲಸಗಾರರ ಕೈ. ಇದನ್ನು ಯಾರ ಸಂಸ್ಕೃತಿ ಎಂದು ಕರೆಯೋಣ?

ಲೆಕ್ಕಕ್ಕೆ ಬಾರದವರು

ಮಣಲಿಯ ಯಶಸ್ಸನ್ನು ಬರೆಯುವಾಗ ಈಶಾನ್ಯಕ್ಕಿರುವ ಎಣ್ಣೂರು ಅಳಿವೆಯನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಕೈಗಾರಿಕಾ ಪ್ರದೇಶದ ತೈಲ ಕಾಲುವೆಗೆ, ಅಲ್ಲಿಂದ ಅಳಿವೆಗೆ ಹರಿಯಿತು. ಮೀನುಗಾರರ ದೋಣಿ, ಬಲೆ ಕಪ್ಪಾದವು. ವಿಷಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ಸ್ವಂತ ದೋಣಿ, ಸ್ವಂತ ಬಲೆ, ಸಾಲದ ಡೀಸೆಲ್ಲು, ದಿನದ ಧಾರಣೆಯ ಮೇಲೆ ಬದುಕುವ ಮೀನುಗಾರನೂ ಉದ್ಯಮಿಯೇ. ಅವನ ನಷ್ಟವನ್ನು ಪರಿಹಾರ ಎಂದು ಬರೆಯುತ್ತೇವೆ, ಬಂಡವಾಳ ನಷ್ಟ ಎಂದು ಬರೆಯುವುದಿಲ್ಲ.

ಹಾಗಾದರೆ ಸಂಸ್ಕೃತಿಗೆ ಪಾತ್ರವೇ ಇಲ್ಲವೇ? ಖಂಡಿತ ಇದೆ. ಆದರೆ ಅದು ಕೆಲಸ ಮಾಡುವುದು ನಾಲ್ಕು ಸರಳ ಪ್ರಶ್ನೆಗಳ ಮೂಲಕ: ಕಸುಬು ಕಲಿಸುವವರು ಯಾರು, ಮೊದಲ ಸಾಲ ಕೊಡುವವರು ಯಾರು, ಬಿದ್ದರೆ ಎತ್ತುವವರು ಯಾರು, ಮೊದಲ ಗಿರಾಕಿ ಯಾರು? ಚೆಟ್ಟಿಯಾರ್ ಹುಡುಗನಿಗೆ, ಉಡುಪಿಯ ಮಾಣಿಗೆ, ಮಾಪ್ಪಿಳ್ಳೈ ಮನೆಯ ಮಗನಿಗೆ ಈ ನಾಲ್ಕಕ್ಕೂ ಮನೆಯ ಸುತ್ತಲೇ ಉತ್ತರವಿತ್ತು. ಉತ್ತರ ಇಲ್ಲದವರಿಗೆ ನಾವು ‘ಒಗ್ಗುವುದಿಲ್ಲ’ ಎಂಬ ಹಣೆಪಟ್ಟಿ ಅಂಟಿಸಿದೆವು. 2005ರಲ್ಲಿ ಮಿಲಿಂದ್ ಕಾಂಬ್ಳೆ ಪುಣೆಯಲ್ಲಿ ದಲಿತ ಉದ್ಯಮಿಗಳ ವಾಣಿಜ್ಯ ಮಂಡಳಿ ಕಟ್ಟಿದ್ದು ಈ ಉತ್ತರಗಳನ್ನು ತಾವೇ ಬರೆದುಕೊಳ್ಳಲು. ಬಳಗದ ದಾರಿ ಮುಚ್ಚಿದ್ದವರು ತಮ್ಮದೇ ಬಳಗ ಕಟ್ಟಿದರು.

ಕರಾರಿನ ದಾರಿಯೂ ತೆರೆದಿದೆ, ಕಾಗದದ ಮೇಲಾದರೂ. 2012ರ ಸರ್ಕಾರಿ ಖರೀದಿ ನೀತಿ 2018ರಲ್ಲಿ ತಿದ್ದುಪಡಿಯಾದ ಮೇಲೆ, ಕೇಂದ್ರದ ಉದ್ದಿಮೆಗಳು ತಮ್ಮ ಖರೀದಿಯ ಶೇ 25ನ್ನು ಸಣ್ಣ ಮತ್ತು ಅತಿಸಣ್ಣ ಘಟಕಗಳಿಂದ ಮಾಡಬೇಕು. ಅದರೊಳಗೆ ಶೇ 4 ಪರಿಶಿಷ್ಟ ಜಾತಿ, ಪಂಗಡಗಳ ಉದ್ಯಮಿಗಳಿಂದ, ಶೇ 3 ಮಹಿಳಾ ಉದ್ಯಮಿಗಳಿಂದ. ಮಣಲಿಯ ಶುದ್ಧೀಕರಣ ಕಾರ್ಖಾನೆಗೂ, ಬೆಂಗಳೂರಿನ ಎಚ್‌ಎಎಲ್‌ಗೂ ನಿಯಮ ಒಂದೇ. ವಾಲ್ವು, ಗ್ಯಾಸ್ಕೆಟ್ಟು, ಪೈಪಿನ ಬಣ್ಣ, ಕ್ಯಾಂಟೀನಿನ ಅಕ್ಕಿ, ಹೀಗೆ ಒಂದು ದೊಡ್ಡ ಕಾರ್ಖಾನೆ ಕೊಳ್ಳುವ ಸಾಮಾನು ಸಾವಿರಾರು. ಬಿಲ್ಲಿನ ಹಣ 45 ದಿನದೊಳಗೆ ಸಣ್ಣ ಉದ್ಯಮಿಯ ಕೈಸೇರಬೇಕೆಂಬ ಕಾನೂನು ಕೂಡ 2006ರಿಂದ ಇದೆ. ಉದ್ಯಮಶೀಲತೆಯ ಬಗ್ಗೆ ಹೊಸ ಶಿಬಿರ, ಹೊಸ ಭಾಷಣ ಏರ್ಪಡಿಸುವ ಮೊದಲು ಪ್ರತಿ ಸರ್ಕಾರಿ ಕಾರ್ಖಾನೆಯೂ ಎರಡು ಅಂಕಿಗಳನ್ನು ತನ್ನ ಗೇಟಿನ ಫಲಕದಲ್ಲಿ ಹಾಕಲಿ: ಕಳೆದ ವರ್ಷ ಮೊದಲ ಬಾರಿಗೆ ಆರ್ಡರ್ ಪಡೆದ ಉದ್ಯಮಿಗಳು ಎಷ್ಟು ಜನ, ಅವರಲ್ಲಿ ಎಷ್ಟು ಜನರ ಬಿಲ್ಲು 45 ದಿನದೊಳಗೆ ಪಾವತಿಯಾಯಿತು.